ಹೀಟಾಗದ ಕಾರು

ತನ್ನ ಕಸುಬನ್ನು ತೀರಾ ಚೆನ್ನಾಗಿ ಮಾಡಿಬಿಟ್ಟೆನಲ್ಲ ಎಂದು ಕೊರಗುವವರು ಲೋಕದಲ್ಲಿ ಬಹಳ ಕಡಿಮೆ. ಸಾರು ರುಚಿಯಾಯಿತೆಂದು ಅಡುಗೆಯವನು ಅಳುವುದಿಲ್ಲ, ರವಿಕೆ ಸರಿಯಾಗಿ ಕೂತಿತೆಂದು ದರ್ಜಿ ನಿಟ್ಟುಸಿರು ಬಿಡುವುದಿಲ್ಲ. ನಾನು ಮಾತ್ರ ಕೊರಗುತ್ತೇನೆ. ನನ್ನ ಕಸುಬು ಮೋಟಾರು ವಾಹನಗಳಿಗೆ ರೇಡಿಯೇಟರು ವಿನ್ಯಾಸ ಮಾಡುವುದು. ಎಂಜಿನ್ನಿನ ಕಾವು ಹೊತ್ತು ಬರುವ ನೀರನ್ನು ತೆಳ್ಳಗಿನ ಕೊಳವೆಗಳಲ್ಲಿ ಹಾಯಿಸಿ, ಎದುರಿನ ಗಾಳಿಗೆ ಒಡ್ಡಿ, ತಣ್ಣಗೆ ಮಾಡಿ ವಾಪಸು ಕಳಿಸುವ ಸಾಧನ ಅದು. ನೀರು ಗಾಳಿಯನ್ನು ಮುಟ್ಟುವುದಿಲ್ಲ, ಗಾಳಿ ನೀರನ್ನು ಮುಟ್ಟುವುದಿಲ್ಲ; ನಡುವಿನ ತಗಡಿನ ಮೂಲಕ ಕಾವು ಮಾತ್ರ ಈಚೆಗೆ ದಾಟಿಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ಇದನ್ನು ನನ್ನ ಹೆಂಡತಿ ವಸುಧಾಗೆ ಲೋಟ ಡಬರಿ ಎದುರಿಗಿಟ್ಟುಕೊಂಡು ವಿವರಿಸಿದ್ದೆ. ಕಾಫಿಯನ್ನು ಎತ್ತರದಿಂದ ಸುರಿದು ಆರಿಸುವುದು ಒರಟು ವಿಧಾನ, ಅಲ್ಲಿ ಕಾಫಿಗೂ ಗಾಳಿಗೂ ನಡುವೆ ಮರ್ಯಾದೆಯ ಗೋಡೆಯೇ ಇಲ್ಲ ಎಂದು ಶುರುಮಾಡಿ ಹತ್ತು ನಿಮಿಷ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಈಗ ಕುಡೀರಿ, ತಣ್ಣಗಾಗೋಯ್ತು" ಎಂದಳು. ಆಮೇಲೆ ಈ ಇಪ್ಪತ್ತು ವರ್ಷದಲ್ಲಿ ಅವಳು ನನ್ನ ಕಸುಬಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿಲ್ಲ.

ಹೆಬ್ಬಾಳದ ಕಡೆಯ ಒಂದು ಕಾರ್ಖಾನೆಯಲ್ಲಿ ಬಾಳಿಕೆಯ ವಿಭಾಗ ನನ್ನದು. ಹೊಸ ರೇಡಿಯೇಟರು ತಯಾರಾದರೆ ಅದಕ್ಕೆ ಚಿತ್ರಹಿಂಸೆ ಕೊಡುವುದು ನಮ್ಮ ಕೆಲಸ. ಅಲುಗಾಡುವ ಮೇಜಿಗೆ ಬಿಗಿದು ದಿನಗಟ್ಟಲೆ ಕುಲುಕಿಸುತ್ತೇವೆ. ಕುದಿಯುವ ನೀರು ಬಿಟ್ಟು, ಅದರ ಹಿಂದೆಯೇ ತಣ್ಣೀರು ಬಿಟ್ಟು, ಮತ್ತೆ ಕುದಿಯುವ ನೀರು ಬಿಡುತ್ತೇವೆ. ಉಪ್ಪುನೀರಿನ ಮಂಜಿನಲ್ಲಿ ವಾರಗಟ್ಟಲೆ ಕೂರಿಸುತ್ತೇವೆ. ಎಲ್ಲಿ ಸೋರಿತೋ ಅಲ್ಲಿ ಬೆಸುಗೆ ತಿದ್ದಿ, ತಗಡಿನ ದಪ್ಪ ಬದಲಿಸಿ, ಮತ್ತೆ ಮೊದಲಿನಿಂದ ಹಿಂಸೆ. ಗಾಡಿ ಗುಜರಿಗೆ ಹೋದರೂ ನಮ್ಮ ರೇಡಿಯೇಟರು ಉಳಿಯುತ್ತದೆ ಎಂದು ಕ್ವಾಲಿಟಿ ವಿಭಾಗದ ನಾಗೇಂದ್ರ ಬಂದವರಿಗೆಲ್ಲ ಹೇಳುತ್ತಾನೆ. ಈ ನಾಗೇಂದ್ರ ಎಂಥವನೆಂದರೆ, ಮನೆಯ ನಲ್ಲಿ ತೊಟ್ಟಿಕ್ಕಿದರೂ ಒಂದು ಫಾರಂ ತುಂಬಿ, ಕಾರಣ ಬರೆದು, ಹೆಂಡತಿಯ ಸಹಿ ತೆಗೆದುಕೊಂಡು, ಆಮೇಲೆಯೇ ವಾಷರು ಬದಲಾಯಿಸುವವನು. ಅವನ ಹೆಮ್ಮೆಯಲ್ಲಿ ಸುಳ್ಳೇನೂ ಇಲ್ಲ. ನಾನು ಓಡಿಸುವ ಕಾರಿನಲ್ಲಿರುವುದೂ ನನ್ನದೇ ರೇಡಿಯೇಟರು. ಒಂಬತ್ತು ವರ್ಷವಾಯಿತು, ಒಂದು ದಿನವೂ ಕುದ್ದಿಲ್ಲ.

ಇದರಲ್ಲಿ ಕೊರಗುವುದಕ್ಕೇನಿದೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮಪ್ಪನ ಕಾರಿನ ವಿಷಯ ಹೇಳಬೇಕಾಗುತ್ತದೆ. ಆಗ ನಾವು ಅಗ್ರಹಾರದಲ್ಲಿದ್ದೆವು. ಅಪ್ಪ ಕಾರಿನ ಬಾಗಿಲನ್ನು ಸ್ವಲ್ಪ ಧಾರಾಳವಾಗಿ ತೆಗೆದರೆ ಎದುರು ಮನೆಯ ಜಗಲಿಗೆ ತಾಗುವಷ್ಟು ಕಿರಿದಾದ ಬೀದಿ. ಕಾರು ಇಬ್ಬರ ಕೈ ದಾಟಿ ನಮ್ಮಲ್ಲಿಗೆ ಬಂದದ್ದು. ಅದರ ಹಿತ್ತಾಳೆಯ ರೇಡಿಯೇಟರಿಗೆ ಎಷ್ಟು ಸಲ ಬೆಸುಗೆ ಹಾಕಿಸಿದ್ದರೆಂದರೆ ಕೊನೆಕೊನೆಗೆ ಮೂಲದ ಹಿತ್ತಾಳೆಗಿಂತ ಬೆಸುಗೆಯೇ ಜಾಸ್ತಿಯಿತ್ತು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು, ಮನೆಯಲ್ಲಿ ಮಹಾಮೌನಿ. "ಊಟ ಆಯ್ತಾ", "ಫ್ಯಾನ್ ಆರ್ಸು" ಇವೆರಡನ್ನು ಬಿಟ್ಟರೆ ಅವರ ಬಾಯಿಂದ ಮೂರನೆಯ ಮಾತು ಬರುತ್ತಿದ್ದುದು ಅಪರೂಪ. ಆದರೆ ನಂಜನಗೂಡು ರಸ್ತೆಯಲ್ಲೋ ಬೆಟ್ಟದ ತಿರುವಿನಲ್ಲೋ ಕಾರು ಹೀಟಾಗಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತೆಂದರೆ ಅವರು ಬೇರೆಯೇ ಮನುಷ್ಯ. ಬದಿಗೆ ನಿಲ್ಲಿಸಿ, ಬಾನೆಟ್ಟು ಎತ್ತಿ, ನೀರಿನ ಕ್ಯಾನು ಪಕ್ಕದಲ್ಲಿಟ್ಟು ಹೇಳುತ್ತಿದ್ದರು: "ಬಿಸೀಲಿ ರೇಡಿಯೇಟರ್ ಮುಚ್ಚಳ ತೆಗೀಬಾರ್ದು ಕಣೋ, ಮುಖಕ್ಕೆ ಹಾರ್‍ಬುಡುತ್ತೆ. ಅಂಗೈ ಇಟ್ಟು ಇಪ್ಪತ್ತು ಎಣಿಸೋಕಾದ್ರೆ ಆರಿದೆ ಅಂತ ಅರ್ಥ." ಮೊದಲ ಸಲ ಎರಡಕ್ಕೇ ಕೈ ತೆಗೆಯುತ್ತಿದ್ದರು. ಇಪ್ಪತ್ತಕ್ಕೆ ಬರಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನಾವಿಬ್ಬರೂ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂರುತ್ತಿದ್ದೆವು, ಅಪ್ಪ ಮಾತಾಡುತ್ತಿದ್ದರು.

ಒಂದು ಸಲ, ನಾನು ಲೆಕ್ಕದ ಪರೀಕ್ಷೆಯಲ್ಲಿ ಫೇಲಾಗಿ ಉತ್ತರಪತ್ರಿಕೆಯನ್ನು ಟ್ರಂಕಿನ ಅಡಿಗೆ ತಳ್ಳಿದ್ದ ವಾರ, ಹಾಗೆ ಕೂತಿದ್ದಾಗ ಅಪ್ಪ ರಸ್ತೆಯ ಆಚೆ ನೋಡುತ್ತಾ, "ನಾನೂ ಲೆಕ್ಕದಲ್ಲಿ ಎರಡು ಸಲ ಹೋದೋನೇ ಕಣೋ. ನಮ್ಮಪ್ಪನಿಗೆ ಹೇಳೋಕೆ ಧೈರ್ಯ ಇರ್ಲಿಲ್ಲ" ಎಂದರು. ಟ್ರಂಕಿನ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅತ್ತುಕೊಂಡು ಎಲ್ಲವನ್ನೂ ಹೇಳಿದೆ. ಅಪ್ಪ ಎದ್ದು ಹೋಗಿ ಮುಚ್ಚಳದ ಮೇಲೆ ಕೈಯಿಟ್ಟು, "ಹನ್ನೊಂದು. ಇನ್ನೂ ಸ್ವಲ್ಪ ಹೊತ್ತು ಬುಡು" ಎಂದು ಬಂದು ಮೊದಲಿಗಿಂತ ಹತ್ತಿರ ಕೂತರು. ಅವರು ತೀರಿಕೊಂಡು ಆರು ವರ್ಷವಾಯಿತು. ಅಂಗೈಯನ್ನು ಮುಚ್ಚಳದ ಮೇಲಿಟ್ಟು, ತುಟಿ ಅಲುಗಿಸುತ್ತಾ ಎಣಿಸುವ ಅಪ್ಪನನ್ನು ಇನ್ನೊಂದು ಸಲ ನೋಡಬೇಕೆಂದು ನನಗೆ ಎಷ್ಟು ಆಸೆಯಾಗುತ್ತದೆಂದು ಹೇಳಲಾರೆ. ಅಂಥ ಅರ್ಧ ಗಂಟೆಗಳು ಲೋಕದಲ್ಲಿ ಇರದಂತೆ ಮಾಡುವುದಕ್ಕೆ ಸಂಬಳ ತೆಗೆದುಕೊಳ್ಳುವವನು ನಾನು.

ಈಗ ನನ್ನ ಮಗಳ ವಿಷಯ. ಭೂಮಿಕಾ ಎರಡನೆಯ ಪಿಯುಸಿ. ಪ್ರತಿ ಶನಿವಾರ ಬೆಳಿಗ್ಗೆ ಶ್ರೀರಾಂಪುರದ ನಮ್ಮ ಮನೆಯಿಂದ ಗೋಕುಲಂನ ಟ್ಯೂಷನ್ನಿಗೆ ಅವಳನ್ನು ಬಿಡುವುದು ನನ್ನ ಪಾಳಿ. ಮೊದಲು ವಟವಟ ಎನ್ನುತ್ತಿದ್ದ ಹುಡುಗಿ ಎರಡು ತಿಂಗಳಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಆಚೆ ನೋಡುತ್ತಾಳೆ. "ಟೆಸ್ಟ್ ಹೇಗಾಯ್ತಮ್ಮ?" ಎಂದರೆ "ಹೂಂ." "ಎಷ್ಟು ಬಂತು?" ಎಂದರೆ "ಇನ್ನೂ ಕೊಟ್ಟಿಲ್ಲ." ಊಟ ಕಡಿಮೆಯಾಗಿತ್ತು. ಕಣ್ಣು ಒಂದೊಂದು ದಿನ ಕೆಂಪಗಿರುತ್ತಿತ್ತು. "ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ ಕಣ್ರೀ. ಕಾರಲ್ಲಿ ಇಬ್ರೇ ಇರ್ತೀರಲ್ಲ, ನೀವಾದ್ರೂ ಕೇಳಿ" ಎಂದಳು ವಸುಧಾ. ಕೇಳುವುದು ಹೇಗೆ? ಕಾರು ನಿಲ್ಲಬೇಕಲ್ಲ. ಅದು ಸಿಗ್ನಲ್ಲುಗಳನ್ನೆಲ್ಲ ದಾಟಿ ಸಲೀಸಾಗಿ ಗೋಕುಲಂ ಸೇರಿಬಿಡುತ್ತಿತ್ತು. ಮಗಳು ಇಳಿದು ಹೋದ ಮೇಲೆ, ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡು ಯೋಗಕ್ಕೆ ಹೊರಟ ವಿದೇಶಿಯರನ್ನು ನೋಡುತ್ತಾ ಕೂರುತ್ತಿದ್ದೆ. ಅವರು ನೆಮ್ಮದಿ ಹುಡುಕಿಕೊಂಡು ಸಮುದ್ರ ದಾಟಿ ಬಂದವರು. ನನಗೆ ಬೇಕಾಗಿದ್ದುದು ಸೋರುವ ಒಂದು ರೇಡಿಯೇಟರು ಅಷ್ಟೇ.

ಒಂದು ಭಾನುವಾರ ಸ್ಪ್ಯಾನರು ಹಿಡಿದು ಕಾರಿನ ಅಡಿಗೆ ಹೋದದ್ದೂ ಉಂಟು. ಸ್ವಲ್ಪ ನೀರು ಇಳಿಸಿಬಿಟ್ಟರೆ ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷ ಸೋರಿಕೆ ನಿಲ್ಲಿಸಿದ ಕೈ ಸೋರಿಸಲು ಒಪ್ಪಲಿಲ್ಲ. ಅದಕ್ಕೇ ಸುಳ್ಳು ಹೇಳುವುದೆಂದು ತೀರ್ಮಾನಿಸಿದೆ. ಮುಂದಿನ ಶನಿವಾರ ಮನೆ ಬಿಟ್ಟು ಒಂದು ಕಿಲೋಮೀಟರೂ ಆಗಿರಲಿಲ್ಲ, ಹೊಂಗೆ ಮರದ ನೆರಳೊಂದು ಕಂಡಿತು, ಅದರ ಪಕ್ಕದಲ್ಲೇ ಮೋರಿ ಕಟ್ಟೆ. ಆಸೆ ತಡೆಯಲಾರದೆ ಗಕ್ಕನೆ ನಿಲ್ಲಿಸಿ, "ಯಾಕೋ ಗಾಡಿ ಹೀಟಾಗಿದೆ" ಎಂದು ಇಳಿದು ಬಾನೆಟ್ಟು ಎತ್ತಿದೆ. ಎತ್ತಿದ ಮೇಲೆ ಹೊಳೆಯಿತು. ಬೆಳಗಿನ ತಣ್ಣನೆಯ ಎಂಜಿನ್ನು ಬಿಸಿಯಾಗುವುದಕ್ಕೇ ಇನ್ನೂ ಸಮಯ ಬೇಕಿತ್ತು. ಕಾವು ತೋರಿಸುವ ಮುಳ್ಳು ತಳದಿಂದ ಎದ್ದೇ ಇರಲಿಲ್ಲ. ಜೀವಮಾನವಿಡೀ ಕಾವಿನ ಲೆಕ್ಕ ಹಾಕಿದವನು ನಾನು, ಒಂದೇ ಒಂದು ಸುಳ್ಳು ಹೇಳುವಾಗ ಲೆಕ್ಕ ತಪ್ಪಿದ್ದೆ.

ಭೂಮಿಕಾ ಮುಳ್ಳಿನ ಕಡೆ ನೋಡಿದಳು. ಆಮೇಲೆ ಗಾಜಿನ ಮೂಲಕ ನನ್ನನ್ನು ನೋಡಿದಳು. ಇಳಿದು ಬಂದು ಅಂಗೈಯನ್ನು ಮುಚ್ಚಳದ ಮೇಲಿಟ್ಟಳು. ಅದು ಹೂಜಿಯಷ್ಟು ತಣ್ಣಗಿತ್ತೆಂದು ನನಗೆ ಗೊತ್ತು. ಅವಳು "ಒಂದು, ಎರಡು" ಎಂದು ಎಣಿಸಿ, ಸರಕ್ಕನೆ ಕೈ ಹಿಂತೆಗೆದು, ಬೆರಳುಗಳನ್ನು ಒದರಿ, "ಎರಡಕ್ಕೇ ಸುಡ್ತಿದೆ ಅಪ್ಪ. ಅರ್ಧ ಗಂಟೆನಾದ್ರೂ ಬೇಕು" ಎಂದಳು. ಅಪ್ಪನ ಕಾರಿನ ಕಥೆಯನ್ನು ಊಟದ ಮೇಜಿನಲ್ಲಿ ನಾನು ನೂರು ಸಲ ಹೇಳಿರಬೇಕು. ಯಾರೂ ಕೇಳಿಸಿಕೊಂಡಿಲ್ಲವೆಂದೇ ತಿಳಿದಿದ್ದೆ. ಅವಳು ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡು ಮೋರಿ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ. "ಅನನ್ಯಾ ಇದಾಳಲ್ಲಪ್ಪ," ಎಂದು ಶುರುಮಾಡಿದಳು. ಅನನ್ಯಾ ಒಂದನೇ ಕ್ಲಾಸಿನಿಂದಲೂ ಅವಳ ಗೆಳತಿ.

ಸರಿಯಾಗಿ ಆ ಗಳಿಗೆಗೆ ಸ್ಕೂಟರಿನಲ್ಲಿ ನಾಗೇಂದ್ರ ಬಂದ. ನಿಲ್ಲಿಸಿದ. "ಏನ್ ಸಾರ್, ಬಾನೆಟ್ ಎತ್‌ಬುಟ್ಟಿದೀರಿ? ನಮ್ಮ ಪೀಸೇ ಅಲ್ವಾ ಇದು?" ಎನ್ನುತ್ತಾ ಮುಚ್ಚಳದ ಕಡೆ ಕೈ ಚಾಚಿದ. ಏನೂ ಆಗಿಲ್ಲವೆಂದರೆ ಅವನು ಅಲ್ಲೇ ನಿಂತು ಹರಟುತ್ತಿದ್ದ, ಇಯರ್‌ಫೋನ್ ವಾಪಸು ಕಿವಿ ಸೇರುತ್ತಿತ್ತು. ಮುಟ್ಟಿದರಂತೂ ಮಾನ ಹೋಗುತ್ತಿತ್ತು. "ಮುಟ್ಬೇಡಪ್ಪ, ಸುಡುತ್ತೆ," ಎಂದೆ. ಸ್ವಲ್ಪ ತಡೆದು, "ಸೋರ್ತಿದೆ ಕಣಪ್ಪ. ಬಾಳಿಕೆ ಬರ್ಲಿಲ್ಲ" ಎಂದೂ ಸೇರಿಸಿದೆ. ಮನೆಯಲ್ಲಿ ಸಾವಾದವರನ್ನು ನೋಡುವಂತೆ ನನ್ನನ್ನು ನೋಡಿ, "ಸೋಮವಾರ ನೋಡೋಣ ಸಾರ್" ಎಂದು ಅವನು ಮೆಲ್ಲಗೆ ಹೊರಟುಹೋದ. ಭೂಮಿಕಾ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ತಿಂಗಳಾಗಿತ್ತು ಆ ನಗು ಕೇಳಿ. ನಗುತ್ತಲೇ ಅತ್ತಳು. ಅನನ್ಯಾ ಇದ್ದಕ್ಕಿದ್ದಂತೆ ಮಾತು ಬಿಟ್ಟಿದ್ದಾಳಂತೆ, ಯಾಕೆಂದು ಹೇಳುವುದಿಲ್ಲವಂತೆ, ಇವಳು ಮಧ್ಯಾಹ್ನ ಒಬ್ಬಳೇ ಕೂತು ಡಬ್ಬಿ ತಿನ್ನುತ್ತಾಳಂತೆ. "ಮನೇಲಿ ಯಾಕೆ ಹೇಳ್ಲಿಲ್ಲಮ್ಮ?" ಎಂದೆ. "ನೀನು ಬರೀ ಮಾರ್ಕ್ಸ್ ಕೇಳ್ತೀಯ. ಅದಕ್ಕೆ ಉತ್ರ ಇದೆಲ್ಲ ಅಲ್ವಲ್ಲ" ಎಂದಳು. ನಾನು ಎದ್ದು ಹೋಗಿ ತಣ್ಣನೆಯ ಮುಚ್ಚಳದ ಮೇಲೆ ಕೈಯಿಟ್ಟು ಎಣಿಸಿ, "ಹನ್ನೊಂದು. ಇನ್ನೂ ಸ್ವಲ್ಪ ಹೊತ್ತು ಬುಡು" ಎಂದೆ. ನನ್ನ ದನಿ ನನಗೇ ಅಪ್ಪನದರಂತೆ ಕೇಳಿಸಿತು. ಟ್ಯೂಷನ್ ಅವತ್ತು ತಪ್ಪಿಹೋಯಿತು.

ಸೋಮವಾರ ಕಾರ್ಖಾನೆಗೆ ಹೋದರೆ ನನ್ನ ಮೇಜಿನ ಮೇಲೆ ದೂರಿನ ಫಾರಂ ಇತ್ತು. ಆ ಮಾದರಿಯ ರೇಡಿಯೇಟರಿನ ಮೇಲೆ ಬಂದ ಮೊಟ್ಟಮೊದಲ ದೂರು. ದೂರುದಾರನ ಹೆಸರಿನ ಮುಂದೆ ನನ್ನ ಹೆಸರು, ವಿನ್ಯಾಸಕಾರನ ಹೆಸರಿನ ಮುಂದೆಯೂ ನನ್ನದೇ ಹೆಸರು, ನಾಗೇಂದ್ರನ ಮುದ್ದಾದ ಅಕ್ಷರದಲ್ಲಿ. ದೋಷದ ಕಾರಣ ಎಂಬಲ್ಲಿ ಮಾತ್ರ ಜಾಗ ಖಾಲಿ ಬಿಟ್ಟು, ನಾನೇ ತುಂಬಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಮೂರು ದಿನ ಅದನ್ನು ನೋಡುತ್ತಾ ಕೂತೆ. ಅದಕ್ಕೆ ಏನು ಬರೆಯುವುದೆಂದು ಇನ್ನೂ ಹೊಳೆದಿಲ್ಲ. ಆದರೆ ನಿನ್ನೆ ಸಂಜೆ ಭೂಮಿಕಾ ಕಾಫಿ ತಂದುಕೊಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ, "ಅಪ್ಪ, ಈ ಶನಿವಾರಾನೂ ಹೀಟಾಗುತ್ತಾ?" ಎಂದು ಕೇಳಿದಳು. ಹಾಗಾಗಿ ಇವತ್ತು ಕಚೇರಿಗೆ ಬಂದವನೇ ಫಾರಂನ ಕೊನೆಯ ಸಾಲೊಂದನ್ನು ತುಂಬಿದ್ದೇನೆ. ಈ ದೋಷ ಮರುಕಳಿಸುವ ಸಾಧ್ಯತೆ ಇದೆಯೇ ಎಂದು ಕೇಳಿದ್ದರು. "ಇದೆ. ಪ್ರತಿ ಶನಿವಾರ ಬೆಳಿಗ್ಗೆ" ಎಂದು ಬರೆದು ಸಹಿ ಹಾಕಿದೆ.