ಆರಬೇಕಾದ ದೀಪ

ಬೋಗಾದಿಯಲ್ಲಿ ಕರೆಂಟು ಹೋಗಲಿ ಎಂದು ಹರಕೆ ಹೊತ್ತ ಪ್ರಾಣಿ ಎಂದರೆ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಚಂದ್ರಮೌಳಿ ಒಬ್ಬನೇ. ಬಾಡಿಗೆ ಮನೆಯ ತಾರಸಿ ಮೇಲೆ ಸೋಲಾರ್ ಹಲಗೆ, ಗಾಳಿಗೆ ತಿರುಗುವ ರೆಕ್ಕೆ ಎರಡನ್ನೂ ಕೂಡಿಸಿ, ಹುಟ್ಟಿದ ಕರೆಂಟನ್ನು ಬೀದಿಯ ಲೈನಿಗೆ ಸೇರಿಸುವ ಸಂಶೋಧನೆಯ ಹುಚ್ಚು ಅವನದು. ಬೀದಿಯ ಕರೆಂಟು ಹೋದ ಕೂಡಲೇ ಅವನ ಯಂತ್ರ ಅದನ್ನು ತಾನೇ ಕಂಡುಹಿಡಿದು ಬಾಯಿ ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನೇ ಸಾಯುತ್ತಾನೆ.

ಈ ಸಂಗತಿಯನ್ನು ಮನೆ ಓನರ್ ಕೆಂಪಯ್ಯನವರಿಗೆ ಮಾತ್ರ ಅವನು ಹೇಳಿರಲಿಲ್ಲ. ಅವರು ತಾರಸಿ ಬಿಟ್ಟುಕೊಟ್ಟದ್ದೇ ಬೇರೆ ಆಸೆಯಿಂದ.

"ಕರೆಂಟ್ ಓದಾಗ ನಮ್ ಮೆಟ್ಲು ಲೈಟ್ ಉರೀಬೇಕು ಮೇಷ್ಟ್ರೇ. ಇಲ್ದಿದ್ರೆ ಆ ಗಿರಗಿಟ್ಲೆ ನನ್ ಮನೆ ಮ್ಯಾಲೆ ಯಾಕೆ?"

ಇವತ್ತು ವಿದ್ಯುತ್ ಕಚೇರಿಯ ಎಂಜಿನಿಯರ್ ರಾಮಸ್ವಾಮಿ ಪರೀಕ್ಷೆಗೆ ಬರುವವರಿದ್ದರು. ಬೀದಿಯ ಕರೆಂಟು ತೆಗೆದಾಗ ಯಂತ್ರಕ್ಕೆ ಸಿಕ್ಕಿಸಿದ ತಾರಸಿಯ ದೀಪವೂ ಆರಿದರೆ ಅನುಮತಿ, ಅದರ ಹಿಂದೆಯೇ ಡಾಕ್ಟರೇಟು. ಆದರೆ ಮೆಟ್ಟಿಲ ದೀಪ ಆರಿದ್ದು ಕೆಂಪಯ್ಯನವರ ಕಣ್ಣಿಗೆ ಬಿದ್ದರೆ ತಾರಸಿಯೇ ಇಲ್ಲ. ಅತ್ತ ದರಿ, ಇತ್ತ ಹುಲಿ. ರಾತ್ರಿಯಿಡೀ ಹೊರಳಾಡಿದ ಚಂದ್ರಮೌಳಿ ಬೆಳಿಗ್ಗೆ ಕಾಲೇಜಿನ ಲ್ಯಾಬಿನಿಂದ ಬ್ಯಾಟರಿ ಇರುವ ಯುಪಿಎಸ್ ಹೊತ್ತು ತಂದು, ಮೆಟ್ಟಿಲ ಕೆಳಗೆ ಗೋಣಿಚೀಲ ಮುಚ್ಚಿಟ್ಟು, ಮೆಟ್ಟಿಲ ದೀಪಕ್ಕೆ ಅದರಿಂದ ತಂತಿ ಎಳೆದ. ಎಂಜಿನಿಯರ್ ಮೇಲೆ ಆರಿದ ದೀಪ ನೋಡಲಿ, ಓನರ್ ಕೆಳಗೆ ಉರಿಯುವ ದೀಪ ನೋಡಲಿ. ಇಬ್ಬರೂ ಒಟ್ಟಿಗೆ ಸೇರದಿದ್ದರೆ ಸಾಕು.

ಸಂಜೆಗತ್ತಲಲ್ಲಿ ರಾಮಸ್ವಾಮಿ ಬಂದು ತಾರಸಿ ಹತ್ತಿದರು; ಗಾಳಿಗೆ ರೆಕ್ಕೆ ತಿರುಗುತ್ತಿತ್ತು. ಲೈನ್‌ಮನ್ ಮಹದೇವು ಕಂಬ ಹತ್ತಿ ಇಡೀ ಬೀದಿಯ ಕರೆಂಟು ತೆಗೆದ. ತಾರಸಿಯ ದೀಪ ಫಕ್ಕನೆ ಆರಿತು.

"ಭೇಷ್ ಕಣ್ರೀ!" ಎಂದು ರಾಮಸ್ವಾಮಿ ಜೇಬಿನಿಂದ ಪೆನ್ನು ತೆಗೆದರು. ಚಂದ್ರಮೌಳಿಗೆ ಕುಣಿಯುವಂತಾಯಿತು.

ಅಷ್ಟರಲ್ಲಿ ಕೆಳಗಿನಿಂದ ಪಕ್ಕದ ಮನೆ ಬಸಮ್ಮನ ಗಂಟಲು ಕೇಳಿತು. ಧಾರಾವಾಹಿಯ ನಡುವೆ ಟಿವಿ ಆರಿ, ಜಗಳಕ್ಕೆಂದೇ ಬಂದವರು ಅವರು.

"ಅಯ್ಯೋ ಕೆಂಪಯ್ಯಣ್ಣ, ಬೀದಿಗೆಲ್ಲಾ ಕರೆಂಟಿಲ್ಲ, ನಿಮ್ಮನೇಲಿ ಮಾತ್ರ ಲೈಟು ಉರೀತಾ ಅದೆ! ನಮ್ಗೂ ಒಂದು ವಯರ್ ಕೊಡ್ಸಿ!"

"ಎಲ್ಲಾ ನಮ್ ಮೇಷ್ಟ್ರು ಗಿರಗಿಟ್ಲೆ ಮಹಿಮೆ ಕಣಮ್ಮ!" ಎಂದರು ಕೆಂಪಯ್ಯ, ಊರಿಗೆಲ್ಲ ಕೇಳುವಂತೆ.

ಕಂಬದ ಮೇಲಿದ್ದ ಮಹದೇವುಗೂ ಕೇಳಿತು. "ಲೈನಲ್ಲಿ ಕರೆಂಟ್ ಅದಂತೆ ಸಾರ್! ನಂಗೆ ಎಡ್ತಿ ಮಕ್ಳವ್ರೆ!" ಎಂದು ಕಿರುಚುತ್ತ ಸರ್ರನೆ ಜಾರಿ ಇಳಿದ.

ರಾಮಸ್ವಾಮಿ, ಹಿಂದೆಯೇ ಚಂದ್ರಮೌಳಿ, ದಡದಡನೆ ಕೆಳಗಿಳಿದು ಬಂದರು. ಮೆಟ್ಟಿಲ ದೀಪ ಧಾರಾಳವಾಗಿ ಉರಿಯುತ್ತಿತ್ತು. "ಏನ್ರೀ ಇದು? ಮನುಷ್ಯರನ್ನ ಕೊಲ್ತೀರಾ? ಅನುಮತಿ ಇಲ್ಲ!" ಎಂದು ಪೆನ್ನನ್ನು ಜೇಬಿಗೆ ಸೇರಿಸಿದರು.

ಚಂದ್ರಮೌಳಿ ಒಮ್ಮೆ ಪೆನ್ನು ನೋಡಿದ, ಒಮ್ಮೆ ಕೆಂಪಯ್ಯನವರನ್ನು ನೋಡಿದ. ಐದು ವರ್ಷದ ಓದು ಕಣ್ಣೆದುರು ಮುಳುಗುತ್ತಿತ್ತು. ಗೋಣಿಚೀಲ ಎಳೆದುಬಿಟ್ಟ.

"ಸಾರ್, ಇದು ಯುಪಿಎಸ್! ನನ್ನ ಯಂತ್ರ ನಿಂತಿದೆ ಸಾರ್, ಬೀದಿ ಕರೆಂಟಿನ ಜೊತೇನೇ ನಿಂತಿದೆ!"

ರಾಮಸ್ವಾಮಿ ತಂತಿ ಕಿತ್ತರು. ಮೆಟ್ಟಿಲೂ ಕತ್ತಲಾಯಿತು. ಅವರು ನಕ್ಕು, ಸಹಿ ಹಾಕಿದರು. "ಅನುಮತಿ ಈ ತಾರಸಿಗೆ ಮಾತ್ರ. ಮನೆ ಬದಲಾಯಿಸಿದ್ರೆ ಮತ್ತೆ ಮೊದಲಿಂದ ಶುರು."

ಕತ್ತಲಲ್ಲಿ ಕೆಂಪಯ್ಯ ನಿಧಾನವಾಗಿ ಕೇಳಿದರು: "ಅಂದ್ರೆ ಕರೆಂಟ್ ಓದ್ರೆ ನಿಮ್ದೂ ಓಯ್ತದೆ?"

"ಹೋಗಲೇಬೇಕು ಯಜಮಾನ್ರೇ. ಅದೇ ಅದರ ಹೆಚ್ಚುಗಾರಿಕೆ."

"ಕರೆಂಟ್ ಓಗಾದು ನಮ್ ಬೋಗಾದೀಲಿ ಪುಸ್ತಕ ಓದ್ದೇನೇ ಬರ್ತದಲ್ಲ ಮೇಷ್ಟ್ರೇ! ನಾಳೆ ನಿಮ್ ಗಿರಗಿಟ್ಲೆ ಇಳಿಸ್ಕಂಡ್ ಓಗ್ಬುಡಿ."

ಚಂದ್ರಮೌಳಿ ಕಾಲೇಜಿನ ಯುಪಿಎಸ್ಸನ್ನಾದರೂ ಉಳಿಸಿಕೊಳ್ಳೋಣವೆಂದು ಅದಕ್ಕೆ ಕೈ ಹಾಕಿದ. ಕೆಂಪಯ್ಯ ಅದರ ಮೇಲೆ ಕೂತರು.

"ಈ ಡಬ್ಬ ಇಲ್ಲೇ ಇರ್ಲಿ. ಇದ್ಕೆ ಬುದ್ಧಿ ಅದೆ. ಬಸಮ್ಮ, ವಯರ್ ತಕಬಾ!"