ತಾನೇ ಗೇರು ಹಾಕಿಕೊಳ್ಳುವ ವ್ಯಾನು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನ ಕಣ್ಣಾಸ್ಪತ್ರೆಯೊಂದಕ್ಕೆ ಯಾರೋ ಪುಣ್ಯಾತ್ಮರು ವಿಲಾಯ್ತಿಯಿಂದ ಹಳೇ ವ್ಯಾನು ಕಳಿಸಿದ್ದರು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತೆ; ಎಡಗೈ ಎಡಗಾಲಿಗೆ ಕೆಲಸವೇ ಇಲ್ಲ. ಅದರ ಡ್ರೈವರ್ ನಾನು. ಹೆಂಡತಿ ತೀರಿಕೊಂಡ ಮೇಲೆ ರೂಮಿಗಿಂತ ಅದರಲ್ಲೇ ಹೆಚ್ಚು ಇರುತ್ತಿದ್ದೆ. ಹತ್ತಿದ ದಿನದಿಂದ ಒಂದಲ್ಲ ಒಂದು ತಮಾಷೆ ತಪ್ಪಿದ್ದಿಲ್ಲ.

ಗುಬ್ಬಿಯ ಅಜ್ಜಿ

ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿಯೊಬ್ಬರನ್ನು ಗುಬ್ಬಿಗೆ ಬಿಡಲು ಹೊರಟಿದ್ದೆ. ಪಕ್ಕದ ಸೀಟಲ್ಲಿ ಕೂತು ಹೊಸ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದರು.

"ಯಾವಾಗ ಹೊಡೀತಪ್ಪಾ ಲಕ್ವ?"

"ಯಾರಿಗಜ್ಜಿ?"

"ನಿಂಗೇ ಕಣಪ್ಪಾ. ಆಗ್ಲಿಂದ ನೋಡ್ತಿವ್ನಿ, ಎಡಗೈನೂ ಆಡ್ತಿಲ್ಲ, ಎಡಗಾಲೂ ಆಡ್ತಿಲ್ಲ!"

ನಾನು ಬಾಯಿ ಬಿಡುವಷ್ಟರಲ್ಲಿ ಕೈ ಎಳೆದು ಮಡಿಲಲ್ಲಿಟ್ಟುಕೊಂಡು ನೀವತೊಡಗಿದರು. ಆ ಕೈಯನ್ನು ಯಾರಾದರೂ ಹಿಡಿದು ಬಹಳ ಕಾಲವಾಗಿತ್ತು. ಲಕ್ವ ಇಲ್ಲ ಅಂತ ಹೇಳಲೇ ಇಲ್ಲ. ಮನೆ ತಲುಪಿದಾಗ ಅಜ್ಜಿ ಎಲ್ಲರನ್ನೂ ಹೊರಗೆ ಕರೆದರು: "ನೋಡ್ರೋ, ಗುಬ್ಬಿಗೆ ಬರೋ ಹೊತ್ಗೆ ಬೆರಳು ಆಡ್ತಾವೆ!"

ಮನೇಲಿ ಕೇಳಬೇಕು

ಹುಲಿಯೂರುದುರ್ಗದ ಕಡೆ ಏರಿನಲ್ಲಿ, ಜನ ತುಂಬಿದ್ದರೆ, ವ್ಯಾನು ಆತುರಪಟ್ಟು ಮೇಲಿನ ಗೇರಿಗೆ ಹೋಗಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅಂತರಸನಹಳ್ಳಿಯ ಮೆಕ್ಯಾನಿಕ್‌ಗೆ ತೋರಿಸಿದೆ.

"ಈ ಕೇಬಲ್ ಬಿಗಿ ಮಾಡಿದ್ರೆ ಗೇರು ತಡವಾಗಿ ಬದಲಾಗುತ್ತೆ ಅಣ್ಣಾ, ಏರು ಹತ್ತುತ್ತೆ. ಕೆಟ್ರೆ ಮಾತ್ರ ಪಾರ್ಟ್ಸ್ ಸಿಗಲ್ಲ, ಗುಜರಿಗೇ."

ಆಸ್ಪತ್ರೆಯ ಡಾಕ್ಟರು ತೀರ್ಮಾನ ನನಗೇ ಬಿಟ್ಟಿದ್ದರು. ವ್ಯಾನು ಗುಜರಿಗೆ ಹೋದರೆ ನಾನು ರೂಮಿನ ಗೋಡೆ ನೋಡುತ್ತಾ ಕೂರಬೇಕು.

"ಮನೇಲಿ ಕೇಳ್ಕೊಂಡ್ ಬರ್ತೀನಿ" ಅಂದೆ, ಹಳೇ ಅಭ್ಯಾಸ.

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಹಂಗಾದ್ರೆ ಎಲ್ರೂ ಒಪ್ಪಿದಾರೆ" ಅಂದವನೇ ಸ್ಪ್ಯಾನರ್ ಎತ್ತಿಕೊಂಡ.

ಕುಣಿಗಲ್ ಕಾಫಿ

ಏರು ಸಲೀಸಾಗಿ ಹತ್ತಿತು. ಆದರೆ ಸಮತಟ್ಟಾದ ರಸ್ತೆಯಲ್ಲೂ ವ್ಯಾನು ಕೆಳಗಿನ ಗೇರು ಬಿಡದೆ ಅರಚತೊಡಗಿತು. ಡಾಕ್ಟರು ಕಿವಿಗೆ ಹತ್ತಿ ಇಟ್ಟುಕೊಂಡು, "ಬೇಗ ಸದ್ದು ಕಮ್ಮಿ ಮಾಡಿಸ್ರೀ" ಅಂದರು.

ಹುಲಿಯೂರುದುರ್ಗದಲ್ಲಿ ರೋಗಿಗಳನ್ನು ಇಳಿಸಿ ಮೆಕ್ಯಾನಿಕ್ ಹತ್ತಿರ ಹೊರಟವನು ಕುಣಿಗಲ್‌ನಲ್ಲಿ ಯಾವಾಗಲೂ ಕಾಫಿ ಕುಡಿಯುವ ಹೋಟೆಲ್ ಮುಂದೆ ನಿಲ್ಲಿಸಿದೆ. ಒಳಗೆ ಕಾಲಿಡುವ ಮೊದಲೇ ಹೊಗೆಯಾಡುವ ಕಾಫಿ ಮೇಜಿನ ಮೇಲಿತ್ತು.

"ಯಾರಿಗಮ್ಮಾ ಇದು?"

"ನಿಮಗೇ. ಕೆರೆ ಹತ್ರ ವ್ಯಾನು ಅರಚ್ತಿದ್ದಂಗೇ ಹಾಲು ಇಡ್ತೀನಿ" ಅಂದರು ಹೋಟೆಲಿನ ಯಜಮಾನಮ್ಮ.

ನನ್ನ ಬರವಿಗೆ ಕಾದು ಒಲೆ ಹೊತ್ತಿಸುವವರೂ ಇದ್ದಾರಲ್ಲ! ಸದ್ದು ಕಮ್ಮಿ ಮಾಡಿಸಲು ಹೋಗುತ್ತಿದ್ದೇನೆ ಅಂದೆ.

"ಬೇಡಿ! ಆಮೇಲೆ ನೀವೇ ಕೆರೆ ಹತ್ರ ಇಳಿದು ಅರಚ್ಬೇಕಾಗುತ್ತೆ."

ಹಾಗೇ ವಾಪಸ್ ಬಂದೆ. ಡಾಕ್ಟರು ಕಿವಿಯ ಹತ್ತಿ ತೆಗೆದು ಕೇಳಿದರು: "ಯಾಕ್ರೀ ಮಾಡಿಸ್ಲಿಲ್ಲ?"

"ಕುಣಿಗಲ್‌ನಲ್ಲಿ ಒಪ್ಪಲಿಲ್ಲ ಸಾರ್."

"ಅಲ್ಲಿ ಅಷ್ಟು ದೊಡ್ಡ ಮೆಕ್ಯಾನಿಕ್ ಇದಾನೇನ್ರೀ?"

"ಇದಾರೆ ಸಾರ್. ಕಾಫೀನೂ ಚೆನ್ನಾಗಿ ಮಾಡ್ತಾರೆ."