ಕೇಕಿನ ಮೇಲಿನ ಬಂಧುಬಳಗ

“ಒಂದು ಕೇಕಿನ ಮ್ಯಾಲ ಎಷ್ಟು ಮಂದಿ ಹಿಡೀತಾರ?”

ಬೀದರ ಪಕ್ಕದ ನೌಬಾದಿನಲ್ಲಿ, ತನ್ನ ಮನೆಯ ಅಂಗಳದಲ್ಲಿ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆಯುತ್ತ ಸುಶೀಲಕುಮಾರ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮೋಟರ್‌ಸೈಕಲ್ಲು ಮಾತ್ರ ಮೂರು ಸಲ ಕೆಮ್ಮಿ, ತನಗೇಕೆ ಬೇಕು ಎಂಬಂತೆ ಸುಮ್ಮನಾಯಿತು.

ಅಂದು ಮಧ್ಯಾಹ್ನ ಭಾಲ್ಕಿಯ ಫಂಕ್ಷನ್ ಹಾಲಿನಲ್ಲಿ ಅವನ ತಂಗಿ ಸಪನಾಳ ಮದುವೆ. ಸೀರೆ, ಒಡವೆ, ಊಟ ಯಾವುದಕ್ಕೂ ತಕರಾರು ತೆಗೆಯದ ಹುಡುಗಿ ಅಣ್ಣನ ಹತ್ತಿರ ಕೇಳಿದ್ದು ಒಂದೇ ಒಂದು. “ಒಂದು ಕೇಕ್ ಬೇಕಣ್ಣಾ. ಅದರ ಮ್ಯಾಲ ಸಪನಾ, ಅಶ್ವಜಿತ ಅಂತ ಎರಡು ಹೆಸರು. ಅಷ್ಟ ಸಾಕು.” ಕೊಳಾರದ ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆಗಳ ಮೇಲೆ ವಿಳಾಸ ಸರಿಯಿದೆಯೇ ಎಂದು ನೋಡುವುದೇ ಕೆಲಸವಾದ ಸುಶೀಲಕುಮಾರನಿಗೆ ಎರಡು ಹೆಸರು ಏನು ಮಹಾ? “ಆಯ್ತವ್ವಾ” ಅಂದುಬಿಟ್ಟಿದ್ದ. ಅವನಿಗೆ ಸಿಟ್ಟು ಬರುವುದಿಲ್ಲ. ಅದು ಓಣಿಗೆಲ್ಲ ಗೊತ್ತು. ಅವನ ಅರ್ಧ ಫಜೀತಿಗಳು ಹುಟ್ಟುವುದು ಅಲ್ಲಿಂದಲೇ.

ಇನ್ನರ್ಧ ಹುಟ್ಟಿದ್ದು ಲಗ್ನಪತ್ರಿಕೆಯಿಂದ. ಪತ್ರಿಕೆಯ ಹಿಂದಿನ ಮಗ್ಗುಲಲ್ಲಿ ಬಂಧುಗಳ ಹೆಸರು ಇರುವೆ ಸಾಲಿನಂತೆ ಹರಿಯಬೇಕು, ಅದು ಆ ಸೀಮೆಯ ರಿವಾಜು. ಹೆಸರು ಬಿಟ್ಟುಹೋದವರು ಮದುವೆಗೇನೋ ಬರುತ್ತಾರೆ. ಆದರೆ ಸರಿಯಾಗಿ ಊಟದ ಹೊತ್ತಿಗೆ, ಎಲ್ಲರಿಗೂ ಕಾಣುವಂತೆ ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕತೊಡಗುತ್ತಾರೆ.

ಬೆಳಿಗ್ಗೆ ಔರಾದಿನಿಂದ ಬಂದಿಳಿದ ಸೋದರತ್ತೆ ಜಿಜಾಬಾಯಿ ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದಿ, “ನನ್ನ ಅಳಿಯ ಜ್ಞಾನೇಶ್ವರ ಎಲ್ಲಿದಾನ? ನಿಮ್ಮ ಪಾಲಿಗಿ ಅಂವ ಹೋಗೇಬಿಟ್ಟಾನೇನು?” ಎಂದಳು.

“ಅತ್ತಿ, ಪ್ರೆಸ್ಸಿನವರು ಬಿಟ್ಟಾರ...”

ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲೇ ನಿಂತಿದ್ದ ಪಕ್ಕದ ಮನೆಯ ಅನುಸೂಯಾಬಾಯಿ ನಡುವೆ ಬಾಯಿ ಹಾಕಿದಳು. “ಕಾರ್ಡ್ ಛಾಪ್ ಆಗಿ ಹೋಗ್ಯಾದ ಬಿಡ್ರಿ. ಕೇಕ್ ಇನ್ನಾ ಬೇಕರಿಯೊಳಗ ಅದ ಅಲ್ಲ? ಅದರ ಮ್ಯಾಲ ಬರಸ್ರಿ. ಹ್ಯಾಂಗೂ ಬರಸ್ತೀರಿ, ನಂದೂ ಒಂದು ಇರಲಿ.”

ಮಾತು ಫೋನಿನಲ್ಲಿ ಊರೂರು ತಿರುಗಿತು. ಸುಶೀಲಕುಮಾರ ಬೀದರಿನ ಬೇಕರಿ ಮುಟ್ಟುವಷ್ಟರಲ್ಲಿ ಎರಡು ಹೆಸರು ಇಪ್ಪತ್ತಾರಾಗಿದ್ದವು.

ಬೇಕರಿಯ ನಜಮೋದ್ದೀನ, ಬಿದರಿ ಹೂದಾನಿಗೆ ಬೆಳ್ಳಿ ತಂತಿ ಕೂಡಿಸುವವರ ಹಾಗೆ ಉಸಿರು ಹಿಡಿದು ಕೇಕಿನ ನೆತ್ತಿಯ ಮೇಲೆ ಸಪನಾ, ಅಶ್ವಜಿತ ಎಂದು ಕೆಂಪು ಕ್ರೀಮಿನಲ್ಲಿ ಆಗಷ್ಟೇ ಬರೆದು ಮುಗಿಸಿದ್ದ. ಸುಶೀಲಕುಮಾರ ಚಾಚಿದ ಹೆಸರುಗಳ ಚೀಟಿ ನೋಡಿದ್ದೇ ಅವನ ಕೈಯಲ್ಲಿದ್ದ ಕ್ರೀಮಿನ ಕೊಳವೆ ತಾನಾಗಿಯೇ ಒಂದು ಹನಿ ಉದುರಿಸಿತು.

“ಸಾಬ್, ಇದು ಕೇಕ್ ಅದನೋ, ಓಟರ್ ಲಿಸ್ಟ್ ಅದನೋ?”

“ಹ್ಯಾಂಗಾದ್ರೂ ಮಾಡ್ರಿ ಭಾಯಿ.”

“ಈ ಜ್ಞಾನೇಶ್ವರ ಒಬ್ಬಂವಗ ಇಬ್ಬರ ಜಾಗಾ ಬೇಕ್ರಿ. ಒತ್ತಕ್ಷರೆಲ್ಲ ಕಾಲು ಚಾಚ್ಯಾವ. ನಿಮ್ಮ ಮಂದ್ಯಾಗ ಸಣ್ಣ ಹೆಸರಿನವರು ಯಾರೂ ಇಲ್ಲೇನು?”

“ಅಮೋಲ್ ಅದಾನ.”

“ಛಲೋ ಮನಶ್ಯಾ,” ಎಂದು ಅಮೋಲನನ್ನು ಕಾಣದೆಯೇ ಮೆಚ್ಚಿದ ನಜಮೋದ್ದೀನ. ಆಮೇಲೆ ಕಪಾಟಿನಲ್ಲಿದ್ದ ಇನ್ನೆರಡು ಕೇಕುಗಳನ್ನು ಕೆಳಗೆ ಕೊಟ್ಟು ಮೂರಂತಸ್ತು ಮಾಡಿದ. ಅಂಚು, ಮಗ್ಗುಲು, ಬುಡ ಎಲ್ಲ ಕಡೆಯೂ ನೆಂಟರು ಹತ್ತಿ ಕುಳಿತರು. ಕಡೆಯ ಹೆಸರು ಬರೆದು ಅವನು ಸೊಂಟ ನೆಟ್ಟಗೆ ಮಾಡುತ್ತಿರುವಾಗ ಫೋನು ಬಂತು. ಮೆಹಕರದ ಕಾಶೀರಾಮ, ಸಪನಾಳ ಸೋದರಮಾವ.

“ಹುಡುಗಿಗಿ ಮಾಮಾ ನಾ! ಕಾರ್ಡಿನಾಗ ನನ್ನ ಹೆಸರು ಕುರಿ ಹಿಕ್ಕಿಯಷ್ಟು ಮಾಡೀರಿ. ಕೇಕಿನ ತುದಿಮ್ಯಾಲ ದೊಡ್ಡದಾಗಿ ಇಲ್ಲಂದ್ರ ನಾ ಕುರಿ ಹಿಂದ ಹೋಗ್ತೇನಿ, ಲಗ್ನಕ್ಕಲ್ಲ!”

ನಜಮೋದ್ದೀನ ಕೈ ಝಾಡಿಸಿದ. “ಜಾಗಾ ಮುಗೀತ್ರಿ. ನಾಕನೇದು ಏರಿಸಿದ್ರ ಟೆಂಪೋದಾಗ ಹಿಡ್ಯಾಂಗಿಲ್ಲ. ಯಾರದರೆ ತೆಗೀಬೇಕು. ಯಾರದು ತೆಗೀಲಿ?”

ಅಷ್ಟರಲ್ಲಿ ಫಂಕ್ಷನ್ ಹಾಲಿನಿಂದ ಫೋನು. ಹೂವಿನವನು ಬಂದಿಲ್ಲ, ಬೀಗರು ಬಂದುಬಿಟ್ಟಿದ್ದಾರೆ. ಸುಶೀಲಕುಮಾರ ಮೋಟರ್‌ಸೈಕಲ್ ಏರುತ್ತ ಕೂಗಿದ. “ಯಾರು ಸಿಟ್ಟಾಗಂಗಿಲ್ಲೋ, ಅವರದು ತೆಗೀರಿ ಭಾಯಿ!”

“ತಿಳೀತ್ರಿ!” ಎಂದ ನಜಮೋದ್ದೀನ.

ಮದುವೆ ಚೆಂದಾಗಿ ನಡೆಯಿತು. ಬೌದ್ಧ ಪದ್ಧತಿಯಂತೆ ತ್ರಿಶರಣ, ಪಂಚಶೀಲ ಹೇಳಿ ಮುಗಿದು, ಹೂವಿನ ಪಕಳೆಗಳು ಮಳೆಯಂತೆ ಬಿದ್ದು, ಜಿಜಾಬಾಯಿಯ ಕಣ್ಣು ಕೂಡ ಒದ್ದೆಯಾಯಿತು. ಆಗ ಟೆಂಪೋ ಬಂತು. ಹಿಂದೆ ಕುಳಿತ ನಜಮೋದ್ದೀನ ಕೇಕನ್ನು ತೊಟ್ಟಿಲ ಕೂಸಿನ ಹಾಗೆ ಎರಡೂ ಕೈಯಿಂದ ಕಾಯ್ದುಕೊಂಡು ಬಂದಿದ್ದ. ನೆಂಟರು ಮುತ್ತಿದರು. ತಮ್ಮ ತಮ್ಮ ಹೆಸರಿಗೆ ಬೆರಳು ತೋರಿಸಿ ಫೋಟೋ ತೆಗೆಸಿಕೊಂಡರು. ತುದಿಯಲ್ಲಿ ಮಾಮಾ ಕಾಶೀರಾಮ ಗೋಪುರದ ಕಳಶದಂತೆ ಹೊಳೆಯುತ್ತಿದ್ದ. ಒಬ್ಬರೂ ಚಪ್ಪಲಿ ಹುಡುಕಲಿಲ್ಲ. ಸುಶೀಲಕುಮಾರನ ಹೊಟ್ಟೆ ತಣ್ಣಗಾಯಿತು.

ಸಪನಾ ಚಾಕು ಇಳಿಸಿದಳು.

“ಏ ಏ ಏ!” ಜಿಜಾಬಾಯಿ ಚೀರಿದಳು. “ಅದು ನನ್ನ ಅಳಿಯನ ಕುತ್ತಿಗಿ!”

ಚಾಕು ಪಕ್ಕಕ್ಕೆ ಸರಿಯಿತು.

“ಯವ್ವಾ, ಶುಭದಿನ ನನ್ನ ಹೆಸರಿಗಿ ಚಾಕು ಹಾಕ್ತಿ?” ಅನುಸೂಯಾಬಾಯಿ ಎದೆ ಮುಟ್ಟಿಕೊಂಡಳು. ತುದಿಯ ಅಂತಸ್ತನ್ನಂತೂ ಕಾಶೀರಾಮ ಎರಡೂ ಕೈಯಿಂದ ಬಳಸಿ ನಿಂತುಬಿಟ್ಟಿದ್ದ. ಆಗಲೇ ಇಬ್ಬರು ಬಾಗಿಲ ಕಡೆ ಹೊರಟು ಚಪ್ಪಲಿಗಳತ್ತ ನೋಡತೊಡಗಿದ್ದರು.

“ಹಾಂಗಾರ ನಮ್ಮ ಹೆಸರಿನ ಮ್ಯಾಲೇ ಕೊಯ್ತೇವಿ. ಆಯ್ತಲ್ಲ?” ಎಂದಳು ಸಪನಾ. ಹೊಸ ಗಂಡಹೆಂಡತಿ ಕೇಕನ್ನು ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು.

“ಅಣ್ಣಾ,” ಎಂದಳು ಸಪನಾ, “ನಾವೆಲ್ಲಿದೇವಿ?”

ಸುಶೀಲಕುಮಾರ ನಜಮೋದ್ದೀನನ ಮುಖ ನೋಡಿದ.

“ಸಿಟ್ಟಾಗದವರದು ತೆಗೀರಿ ಅಂದೋರು ನೀವೇ ಅಲ್ರಿ ಸಾಬ್? ಲಗ್ನದ ದಿನ ಮದುಮಕ್ಕಳಿಗಿ ಸಿಟ್ಟು ಎಲ್ಲಿಂದ ಬರ್ತದ? ಅವರದೇ ತೆಗದೆ.”

“ಹಾಂಗಾರ ನನ್ನ ಹೆಸರು ಅಳಿಸಿ ಅವರದು ಬರೀರಿ!” ಎಂದ ಸುಶೀಲಕುಮಾರ.

“ನಿಮ್ಮ ಹೆಸರು ನೀವು ಬರಸೇ ಇಲ್ಲಲ್ರಿ.”

ಕೊಟ್ಟ ಒಂದೇ ಮಾತೂ ನಡೆಯಲಿಲ್ಲವಲ್ಲ ಎಂದು ಸುಶೀಲಕುಮಾರ ತಲೆ ತಗ್ಗಿಸಿದ. ಆಮೇಲೆ ಸಪನಾ ನಕ್ಕಳು. ಅಶ್ವಜಿತನೂ ನಕ್ಕ. “ಹೋಗ್ಲಿ ಬಿಡಣ್ಣಾ. ನಮ್ಮ ಹೆಸರಿದ್ದಿದ್ರ ನಾವೇ ಕೊಯ್ಕೋಬೇಕಾಗ್ತಿತ್ತು,” ಎನ್ನುತ್ತ ಅವಳು ನಡುವಿನ ಅಂತಸ್ತಿಗೆ ಚುಚ್ಚಿದ್ದ ಪ್ಲಾಸ್ಟಿಕ್ ಗುಲಾಬಿಯನ್ನು ಕಿತ್ತಳು. ಅಂಗೈಯ ಕಾಲುಭಾಗದಷ್ಟು ಜಾಗ ಸಿಕ್ಕಿತು. ಅವಳು ನಜಮೋದ್ದೀನನ ಕಿವಿಯಲ್ಲಿ ಏನೋ ಹೇಳಿದಳು. ಅವನು ಜೊತೆಗೆ ತಂದಿದ್ದ ಕ್ರೀಮಿನ ಕೊಳವೆ ತೆಗೆದು, ಉಸಿರು ಹಿಡಿದು ಬರೆದ: ಸುಶೀಲ.

ಸುಶೀಲಕುಮಾರ ತನ್ನ ಹೆಸರನ್ನು ಎರಡು ಸಲ ಓದಿದ. ಇಷ್ಟೊಂದು ಬಳಗದ ನಡುವೆ ತನ್ನನ್ನು ನೆನೆದವಳು ತಂಗಿ ಒಬ್ಬಳೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಪನಾ ಚಾಕುವಿನ ಮೊನೆಯನ್ನು ಸರಿಯಾಗಿ ಆ ಮೂರಕ್ಷರದ ನೆತ್ತಿಯ ಮೇಲಿಟ್ಟಳು.

“ಹಾಂ, ಅಲ್ಲಿ ಕೊಯ್ಯವ್ವಾ!” ಎಂದಿತು ಬಳಗವೆಲ್ಲ ಒಂದೇ ದನಿಯಲ್ಲಿ. “ಅಂವ ಸಿಟ್ಟಾಗಂಗಿಲ್ಲ.”

“ಸಪನಾ,” ಎಂದ ಸುಶೀಲಕುಮಾರ, ಮೆಲ್ಲಗೆ. “ಒಂದೀಟು ಬಾಜೂಕ ಕೊಯ್ಯವ್ವಾ.”

“ನಿನ್ನ ಹೆಸರು ಕೊಯ್ಯಂಗಿಲ್ಲಣ್ಣಾ,” ಎಂದಳು ಸಪನಾ, ಚಾಕು ಪಕ್ಕಕ್ಕಿಟ್ಟು.